ಮೂರನೆಯ ವಾಸ್ತವ್ಯ

ಮಲಗದ ಹಾಸಿಗೆಯನ್ನು ಮಲಗಿ ಎದ್ದಂತೆ ಕೆದರಿಡುವುದು ಅಷ್ಟು ಸುಲಭವಲ್ಲವೆಂದು ಅಮರನಾಥನಿಗೆ ನಿನ್ನೆಯೇ ಗೊತ್ತಾಗಿತ್ತು. ಮೊದಲು ಹೊದಿಕೆಯ ಒಂದು ಮೂಲೆಯನ್ನು ಎತ್ತಿ ಮಡಚಿ ನೋಡಿದ್ದ. ಅದು ಇನ್ನೂ ಅಚ್ಚುಕಟ್ಟಾಗಿ ಕಂಡಿತು. ದಿಂಬಿನ ನಡುವೆ ಮುಷ್ಟಿಯಿಂದ ಗುದ್ದಿ ತಲೆಯಿಟ್ಟ ಗುಳಿ ಮಾಡಲು ನೋಡಿದ್ದ. ಅದು ಮುಷ್ಟಿಯಿಂದ ಗುದ್ದಿದ ಗುಳಿಯಂತೆಯೇ ಕಂಡಿತು. ಕೊನೆಗೆ ಅಂಗಿಯನ್ನೂ ಬಿಚ್ಚದೆ ತಾನೇ ಅದರ ಮೇಲೆ ಆ ಮಗ್ಗುಲು ಈ ಮಗ್ಗುಲು ಹೊರಳಿ, ಎದ್ದು, ಬಚ್ಚಲಲ್ಲಿ ಸೋಪಿನ ಕಾಗದ ಹರಿದು ಸೋಪನ್ನು ಒದ್ದೆ ಮಾಡಿಟ್ಟು, ಬಾಗಿಲಿನ ಕಾರ್ಡನ್ನು ಕೌಂಟರಿನಲ್ಲಿ ಬಿಟ್ಟು, ಬಿಸಿಲಿರುವಾಗಲೇ ಸ್ಕೂಟರಿನಲ್ಲಿ ಕೋಲಾರಕ್ಕೆ ಹಿಂತಿರುಗಿದ್ದ. ರೂಮು ಹಿಡಿದವನು ರಾತ್ರಿ ಮಲಗಲೇಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ. ಆ ನಿಯಮಗಳನ್ನು ಅವನು ತನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿಗಿಂತ ಶ್ರದ್ಧೆಯಿಂದ ಓದಿದ್ದ. ಆದರೂ ಬೆಳಿಗ್ಗೆ ರೂಮು ಚೊಕ್ಕ ಮಾಡಲು ಬರುವ ಹೆಂಗಸು, ತಾನು ಮುಖವನ್ನೂ ನೋಡಿರದ ಹೆಂಗಸು, ಹಾಸಿಗೆಯನ್ನು ನೋಡಿ ತನ್ನ ಬಗ್ಗೆ ಏನಾದರೂ ಅಂದುಕೊಂಡಾಳೆಂಬುದು ದಾರಿಯುದ್ದಕ್ಕೂ ಅವನ ಬೆನ್ನಿಗೆ ಅಂಟಿಕೊಂಡೇ ಬಂದಿತ್ತು.

ಇವತ್ತು ಭಾನುವಾರ, ಜೂನ್ ತಿಂಗಳ ಕೊನೆಯ ದಿನ. ಮಾಲೂರಿನ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ಅದೇ ಹೋಟೆಲಿಗೆ ಅವನು ಮತ್ತೆ ಹೊರಟಿದ್ದ. ಅವನ ಬಳಿ ಆ ಹೋಟೆಲ್ ಕಂಪನಿಯ ಹೆಸರಿರುವ ಕ್ರೆಡಿಟ್ ಕಾರ್ಡು ಇತ್ತು. ಕಾರ್ಡಿನಲ್ಲಿ ಏನು ಖರ್ಚು ಮಾಡಿದರೂ, ಮುಂದೆ ಅವರ ರೂಮಿನ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದಾದ ಪಾಯಿಂಟು ಬರುತ್ತಿತ್ತು. ಈ ತಿಂಗಳು ಮುಗಿಯುವುದರೊಳಗೆ ಕಂಪನಿಯ ಯಾವುದಾದರೂ ಹೋಟೆಲಿನಲ್ಲಿ ಮೂರು ಸಲ ತಂಗಿದವರಿಗೆ ಬೆಂಗಳೂರಿನ ಅವರ ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿ ಪುಕ್ಕಟೆ ಎಂದು ಮೇ ತಿಂಗಳಲ್ಲಿ ಸಂದೇಶ ಬಂದಿತ್ತು. ಮಾಲೂರಿನದು ಅವರ ಪೈಕಿ ಎಲ್ಲಕ್ಕಿಂತ ಅಗ್ಗದ್ದು. ಕಾರ್ಖಾನೆಗಳಿಗೆ ಬರುವ ಕೊರಿಯಾ, ಜಪಾನಿನ ಎಂಜಿನಿಯರುಗಳು ಶನಿವಾರ ಭಾನುವಾರ ಬೆಂಗಳೂರಿಗೆ ಹೋಗಿಬಿಡುವುದರಿಂದ ಆ ಎರಡು ದಿನ ಅಲ್ಲಿ ದರ ಇನ್ನೂ ಇಳಿಯುತ್ತಿತ್ತು. ಮುಳಬಾಗಿಲಿನ ಕಾಲೇಜಿನಲ್ಲಿ ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕದ ಪಾಠ ಮಾಡುವ ಅಮರನಾಥ ಇದನ್ನು ಎಷ್ಟು ರೀತಿ ಕೂಡಿ ಕಳೆದು ನೋಡಿದರೂ ಲಾಭವೇ ಬರುತ್ತಿತ್ತು. ಸಹೋದ್ಯೋಗಿಗಳು ಫ್ರಿಜ್ಜು ಕೊಂಡರೂ ಅವನ ಕಾರ್ಡು, ಯಾರ ಮಗನಿಗೋ ಮೊಬೈಲು ಕೊಂಡರೂ ಅವನ ಕಾರ್ಡು. ಅವರು ಕೈಗೆ ನೋಟು ಕೊಡುತ್ತಿದ್ದರು, ಪಾಯಿಂಟು ಇವನಿಗೆ. ಸ್ಟಾಫ್ ರೂಮಿನಲ್ಲಿ ಅವನಿಗೆ ಪಾಯಿಂಟ್ ಮೇಷ್ಟ್ರು ಎಂಬ ಹೆಸರಿದೆಯೆಂದು ಅವನಿಗೆ ಗೊತ್ತಿತ್ತು. ಗೊತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಸುನಂದಳಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ನಿನ್ನೆಯೂ ಇವತ್ತೂ ಮಾಲೂರಿನಲ್ಲಿ ಯಾವುದೋ ನೇಮಕಾತಿ ಪರೀಕ್ಷೆಯ ಮೇಲ್ವಿಚಾರಣೆ ಎಂದು ಹೇಳಿದ್ದ. ಅವಳು ನಿನ್ನೆಯಂತೆಯೇ ಇವತ್ತೂ ಡಬ್ಬಿಗೆ ಚಿತ್ರಾನ್ನ ಹಾಕಿಕೊಟ್ಟು, “ಭಾನುವಾರಾನೂ ಬಿಡಲ್ವಲ್ಲ ನಿಮ್ಮನ್ನ” ಎಂದು ಮರುಗಿದ್ದಳು.

ಗೇಟಿನಲ್ಲಿ ಹೊಸ ಕಾವಲುಗಾರನಿದ್ದ. ಕಾರುಗಳ ಅಡಿಗೆ ತೂರಿಸುವ ಉದ್ದ ಕೋಲಿನ ಕನ್ನಡಿಯನ್ನು ಅಭ್ಯಾಸಬಲದಿಂದ ಸ್ಕೂಟರಿನ ಅಡಿಗೂ ತೂರಿಸಿ, ಅಲ್ಲಿ ನೋಡುವಂಥದ್ದೇನೂ ಇಲ್ಲದ್ದರಿಂದ ಅಮರನಾಥನ ಕಾಲಬಳಿಯ ಚೀಲವನ್ನು ನೋಡಿ, “ಡೆಲಿವರಿ ಹಿಂದಿನ ಗೇಟು” ಎಂದ. ನಾನು ರೂಮು ಹಿಡಿದಿರುವವನು ಎಂದು ಹೇಳುವುದಕ್ಕೆ ಅಮರನಾಥ ಬಾಯಿ ತೆರೆದ. ಆದರೆ ಆ ಮನುಷ್ಯನ ದನಿಯಲ್ಲಿ ಎಷ್ಟು ಖಚಿತತೆಯಿತ್ತೆಂದರೆ ಅದನ್ನು ಸುಳ್ಳು ಮಾಡುವುದು ಒರಟುತನವೆನಿಸಿತು. ಯಾರಾದರೂ ಖಚಿತವಾಗಿ ಮಾತಾಡಿದರೆ ಅವನಿಗೆ ಯಾವಾಗಲೂ ಹೀಗೆಯೇ. ಕೆಲವು ವರ್ಷಗಳ ಹಿಂದೆ ಸುನಂದಳ ಚಿಕ್ಕಪ್ಪನ ಮಗಳ ಆರತಕ್ಷತೆ ಬೆಂಗಳೂರಿನ ಅದೇ ದೊಡ್ಡ ಹೋಟೆಲಿನಲ್ಲಿ ನಡೆದಾಗ, ಕಾಲು ನೋಯುತ್ತದೆಂದು ಅವಳು ಕೆಳಗಿನ ಹಜಾರದ ಸೋಫಾದಲ್ಲಿ ಕುಳಿತಿದ್ದಳು. ಕರಿ ಕೋಟಿನವನೊಬ್ಬ ಆ ಕಡೆ ನಡೆದು ಬರುತ್ತಿರುವುದನ್ನು ಕಂಡು ಅಮರನಾಥ ಅವಳ ರಟ್ಟೆ ಹಿಡಿದು, “ಏಳು, ಏಳು, ಇದು ರೂಮಿನವರಿಗೆ” ಎಂದು ಎಬ್ಬಿಸಿಬಿಟ್ಟಿದ್ದ. ಕರಿ ಕೋಟಿನವನು ಅವರ ಕಡೆ ನೋಡದೆ ದಾಟಿ ಹೋದ. ಸುನಂದ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು ಕಂಬಕ್ಕೆ ಒರಗಿ ನಿಂತಳು. ಅವಳನ್ನು ಅಲ್ಲಿಗೇ, ರೂಮಿನವಳಾಗಿ, ಕರೆದುಕೊಂಡು ಹೋಗಬೇಕು. ಮೊದಲೇ ಹೇಳಿದರೆ ಬೇಡವೆನ್ನುತ್ತಾಳೆ. ಸ್ಕೂಟರು ಅಷ್ಟರಲ್ಲಿ ಹಿಂದಿನ ಗೇಟಿಗೆ ಬಂದಿತ್ತು, ಅಲ್ಲಿ ಟೆಂಪೋದಿಂದ ಮಾವಿನಹಣ್ಣಿನ ಕ್ರೇಟು ಇಳಿಸುತ್ತಿದ್ದವನು ಸುನಂದಳ ತಮ್ಮ ಗಂಗಾಧರ್.

“ಏನ್ ಭಾವ, ನೀವಿಲ್ಲಿ?” ಗಂಗಾಧರ್ ಕ್ರೇಟನ್ನು ಹಾಗೇ ಸೊಂಟಕ್ಕೆ ಆನಿಸಿಕೊಂಡು ನಕ್ಕ. ಯಲ್ದೂರಿನಲ್ಲಿ ಅವನದು ಮಾವಿನ ತೋಟ. ಹೋಟೆಲಿನವರು ಹಣ್ಣಿನ ಮೇಳ ಮಾಡುತ್ತಿದ್ದಾರೆಂದು ಈ ವಾರವೆಲ್ಲ ಇಲ್ಲಿಗೆ ಸರಬರಾಜು. “ಅಕ್ಕ ಈಗ್ತಾನೆ ಫೋನಲ್ಲಿ ಪರೀಕ್ಷೆ ಡ್ಯೂಟಿ ಅಂದ್ಲು?”

“ಡ್ಯೂಟಿನೇ. ಮಧ್ಯಾಹ್ನ. ಇಲ್ಲಿ ನಮ್ಮ ಹಳೇ ಸ್ಟೂಡೆಂಟ್ ಕೆಲಸಕ್ಕಿದೆ, ಒಂದ್ಸಲ ಮಾತಾಡ್ಸಿಕೊಂಡು ಹೋಗೋಣ ಅಂತ.”

“ಹುಡುಗನಾ?”

“ಹುಡುಗಿ” ಎಂದ ಅಮರನಾಥ. ಸತ್ಯ ಹೇಳುವ ಅವಕಾಶ ಅಷ್ಟರಮಟ್ಟಿಗಾದರೂ ಸಿಕ್ಕಿತೆಂದು ಒಂದು ಕ್ಷಣ ಸಮಾಧಾನವೂ ಆಯಿತು.

ಆಗ ಒಳಗಿನಿಂದ ಬಂದ ಸೂಪರ್‌ವೈಸರ್ ಇವನನ್ನು ಕಂಡು ಗಾಬರಿಯಾದ. “ಅಯ್ಯೋ ಸಾರ್, ನಿಮ್ಮನ್ನ ಯಾರು ಈ ಕಡೆ ಕಳ್ಸಿದ್ದು? ನಿನ್ನೆ ಮೂರನೇ ಮಹಡಿ ರೂಮಲ್ಲಿದ್ರಲ್ಲ ನೀವು. ಮುಂದೆಗಡೆಯಿಂದ ಬನ್ನಿ ಸಾರ್, ರೂಮು ರೆಡಿ ಇದೆ.”

ಗಂಗಾಧರ್ ಕ್ರೇಟನ್ನು ನೆಲಕ್ಕಿಟ್ಟ. ಮೇಲೆ ಮುಚ್ಚಿದ್ದ ಹುಲ್ಲನ್ನು ಸುಮ್ಮನೆ ಸರಿಸಿ, ಮತ್ತೆ ಮುಚ್ಚಿದ. “ಪರ್ವಾಲೇದು ಬಾವಾ” ಎಂದ. ಮುಜುಗರವಾದಾಗ ಅವನ ಬಾಯಿಗೆ ಅವ್ವನ ತೆಲುಗೇ ಬರುತ್ತಿತ್ತು. “ನೀವ್ ಹೋಗ್ಬನ್ನಿ. ನಾನೇನೂ ನೋಡಿಲ್ಲ.” ಗಂಗಾ, ಇದು ಪಾಯಿಂಟಿನ ವಿಷಯ, ಎಂದು ಹೇಳಲು ಅಮರನಾಥ ಮನಸ್ಸಿನಲ್ಲೇ ವಾಕ್ಯ ಕಟ್ಟಿದ: ಮೂರು ಸಲ ತಂಗಿದರೆ ಎರಡು ರಾತ್ರಿ ಪುಕ್ಕಟೆ, ತಂಗುವುದೆಂದರೆ ನಿಜವಾಗಿ ತಂಗುವುದಲ್ಲ... ಆ ವಾಕ್ಯ ಒಳಗೇ ಎಷ್ಟು ಹಸಿ ಸುಳ್ಳಿನಂತೆ ಕೇಳಿಸಿತೆಂದರೆ ಅದನ್ನು ಹೊರಗೆ ಬಿಡಲು ನಾಚಿಕೆಯಾಯಿತು.

ಗಂಗಾಧರ್ ತಲೆ ತಗ್ಗಿಸಿದ್ದೇ ಅವನನ್ನು ಹೆಚ್ಚು ಚುಚ್ಚಿತು. ಬೇರೆ ಯಾರೇ ಆಗಿದ್ದರೂ ಇಷ್ಟಾಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮಾವನವರ ಎದೆಯ ಆಪರೇಷನ್ನಿಗೆ ಕೋಲಾರದ ಆಸ್ಪತ್ರೆಯಲ್ಲಿ ಕೌಂಟರಿನ ಮುಂದೆ ಬಂಧುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದಾಗ, ಅಮರನಾಥ ಗುಂಪನ್ನು ಸರಿಸಿಕೊಂಡು ಮುಂದೆ ಹೋಗಿ ಕಾರ್ಡು ಚಾಚಿದ್ದ. ಗಂಗಾಧರ್ ಅವನ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡು ಅತ್ತಿದ್ದ. ಫಸಲು ಬಂದ ಮೇಲೆ ದುಡ್ಡನ್ನು ಪೂರಾ ತಂದುಕೊಟ್ಟಿದ್ದ. ಆದರೂ ಅಂದಿನಿಂದ ಹಬ್ಬಕ್ಕೆ ಹೋದಾಗ ಮನೆಯ ದೊಡ್ಡ ಕುರ್ಚಿ ಅಮರನಾಥನಿಗೆ, ಮೊದಲ ಹಣ್ಣು ಅಮರನಾಥನಿಗೆ. ಮಾವ ಬದುಕಿದರು, ಈಗಲೂ ತೋಟದಲ್ಲಿ ಓಡಾಡಿಕೊಂಡಿದ್ದಾರೆ. ಆ ತಿಂಗಳು ಆಸ್ಪತ್ರೆಯ ಖರ್ಚಿಗೆ ಪಾಯಿಂಟು ದುಪ್ಪಟ್ಟು ಬರುತ್ತಿತ್ತು. ಗುಂಪನ್ನು ಸರಿಸಿಕೊಂಡು ಮುಂದೆ ಹೋಗುವಾಗ ತನ್ನ ಮನಸ್ಸಿನಲ್ಲಿ ಮಾವನವರಿದ್ದರೋ ಅದಿತ್ತೋ ಎಂದು ಅವನು ಅನೇಕ ಸಲ ಕೇಳಿಕೊಂಡಿದ್ದ. ಎರಡೂ ಇತ್ತು ಎಂಬ ಉತ್ತರ ಬರುತ್ತಿತ್ತು. ಯಾವುದು ಮೊದಲು ಎಂದು ಕೇಳಿಕೊಳ್ಳುವುದರೊಳಗೆ ಅವನು ಬೇರೆ ಏನಾದರೂ ಯೋಚಿಸತೊಡಗುತ್ತಿದ್ದ.

ಮುಂದಿನ ಕೌಂಟರಿನಲ್ಲಿ ಇಶ್ರತ್ ಇದ್ದಳು. ಮುಳಬಾಗಿಲಿನ ಹುಡುಗಿ, ಬಿ.ಕಾಂ.ನಲ್ಲಿ ಇವನದೇ ವಿದ್ಯಾರ್ಥಿನಿ, ಕೊನೆಯ ಬೆಂಚಿನಲ್ಲಿ ಕುಳಿತು ಮೊದಲ ದರ್ಜೆಯಲ್ಲಿ ಪಾಸಾದವಳು. ತಿಂಗಳ ಮೊದಲಲ್ಲಿ ಅವನು ಮೊದಲ ಸಲ ಇಲ್ಲಿಗೆ ಬಂದಾಗ ಎದ್ದು ನಿಂತು ಸಲಾಂ ಮಾಡಿದ್ದಳು. ಸೆಮಿನಾರಿಗೆ ಬಂದಿದ್ದೇನೆಂದು ಅವನು ಹೇಳಿದ್ದ.

“ಇವತ್ತೂ ಸೆಮಿನಾರಾ ಸರ್?”

“ಹೌದಮ್ಮ.”

“ಒಬ್ರೇನಾ ಸರ್?”

ಅದು ಎಲ್ಲರಿಗೂ ಕೇಳುವ ಪ್ರಶ್ನೆ, ಕಂಪ್ಯೂಟರಿನಲ್ಲಿ ತುಂಬಬೇಕಾದ ಜಾಗ. “ಒಬ್ಬನೇ” ಎಂದು ಅಮರನಾಥ ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ ಆಚೆ ನೆಲ ಒರೆಸುತ್ತಿದ್ದವನು ತಿರುಗಿ ನೋಡಿದ. ಇಶ್ರತ್ ಕಂಪ್ಯೂಟರಿನ ಪರದೆಯನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ ಕಾರ್ಡು ಕೊಟ್ಟಳು.

ರೂಮಿನಲ್ಲಿ ಅವನು ಕಿಟಕಿಯ ಬಳಿಯ ಕುರ್ಚಿಯಲ್ಲಿ ಬೂಟು ಹಾಕಿಕೊಂಡೇ ಕುಳಿತ. ಕೆಳಗೆ ಹಿಂದಿನ ಅಂಗಳ, ಗೋಡೆಯಾಚೆ ನೀಲಗಿರಿ ತೋಪು, ಅದರಾಚೆ ಹೆಂಚಿನ ಕಾರ್ಖಾನೆಯೊಂದರ ಹೊಗೆಯಿಲ್ಲದ ಚಿಮಣಿ. ಚಿತ್ರಾನ್ನದ ಡಬ್ಬಿಯನ್ನು ತೆರೆದ, ವಾಸನೆ ಹಾಸಿಗೆಗೆ ಹಿಡಿಯಬಹುದೆಂದು ಮುಚ್ಚಿದ. ಗಂಗಾಧರನ ಟೆಂಪೋ ಅಂಗಳದಿಂದ ಹೊರಟುಹೋದಾಗ ಅವನಿಗೆ ದೊಡ್ಡ ನಿರಾಳವಾಯಿತು. ನೋಡಿಲ್ಲ ಎಂದನಲ್ಲ, ಹೇಳುವುದಿಲ್ಲ. ಆಮೇಲೆ ವಿಚಿತ್ರವಾದದ್ದೊಂದು ನಡೆಯಿತು. ಗಂಗಾಧರ್ ತನ್ನ ಬಗ್ಗೆ ಈಗ ಏನು ಊಹಿಸುತ್ತಿರಬಹುದೋ ಅದನ್ನು ಅಮರನಾಥ ತಾನೂ ಊಹಿಸತೊಡಗಿದ. ಮೂರನೇ ಮಹಡಿಯ ರೂಮು, ಕಾಯುತ್ತಿರುವ ಯಾರೋ ಒಬ್ಬಳು, ಕದ್ದು ಬಂದ ಉಪನ್ಯಾಸಕ. ಆ ಉಪನ್ಯಾಸಕ ಪಾಯಿಂಟ್ ಮೇಷ್ಟ್ರಿಗಿಂತ ಎತ್ತರವಾಗಿದ್ದ, ಗೇಟಿನವನಿಗೆ ತಿರುಗಿ ಉತ್ತರ ಕೊಟ್ಟಿದ್ದ. ಎದುರಿನ ದೊಡ್ಡ ಕನ್ನಡಿಯಲ್ಲಿ ತನ್ನ ಮುಖ ಕಂಡು ಅಮರನಾಥ ತಲೆಗೂದಲು ಸರಿಮಾಡಿಕೊಂಡ. ಕೂಡಲೇ ಅಸಹ್ಯವಾಗಿ, ಟಿ.ವಿ. ಹಾಕಿದ, ಅದರಲ್ಲಿ ಕೊರಿಯಾ ಭಾಷೆಯ ಅಡುಗೆ ಕಾರ್ಯಕ್ರಮ ಬರುತ್ತಿತ್ತು. ಎಲೆಕೋಸನ್ನು ಉಪ್ಪಿನಲ್ಲಿ ಹೇಗೆ ನೆನೆಸಬೇಕೆಂದು ಅವನು ಪೂರ್ತಿ ನೋಡಿದ.

ಅದೇ ಕಾರ್ಯಕ್ರಮ ಎರಡನೇ ಸಲ ಬರುತ್ತಿದ್ದಾಗ ಬಾಗಿಲು ಬಡಿದ ಸದ್ದಿಗೆ, ಚೊಕ್ಕ ಮಾಡುವವಳಿರಬೇಕೆಂದು, ಹೊದಿಕೆಯ ತುದಿಯನ್ನೊಮ್ಮೆ ಜಗ್ಗಿಯೇ ಹೋಗಿ ತೆರೆದ. ಸುನಂದ ನಿಂತಿದ್ದಳು. ಮನೆಯಲ್ಲಿ ಉಡುವ ಸೀರೆ, ಮೇಲೆ ಆತುರದಲ್ಲಿ ಹೊದ್ದ ಒಳ್ಳೆಯ ಶಾಲು. ಕೋಲಾರದಿಂದ ಬಸ್ಸಿನಲ್ಲಿ ಬಂದ ಧೂಳು ಹಣೆಯ ಮೇಲಿತ್ತು. ಅವಳು ಅವನನ್ನು ನೋಡಲಿಲ್ಲ. ಅವನ ಪಕ್ಕದಿಂದ ಒಳಗೆ ಬಂದು ಹಾಸಿಗೆ ನೋಡಿದಳು, ಪರದೆಯ ಹಿಂದೆ ನೋಡಿದಳು, ಬಚ್ಚಲಿನ ಬಾಗಿಲು ತೆರೆದು ದೀಪ ಹಾಕಿ ನೋಡಿದಳು. ದೀಪ ಆರಿಸಿ ಬಂದಳು.

“ಎಲ್ಲಿ?”

“ಯಾರು?”

“ಗಂಗ ಫೋನ್ ಮಾಡಿದ್ದ. ಅಕ್ಕ ಒಂದ್ಸಲ ಬಂದ್ಹೋಗು ಅಂದ, ಅಷ್ಟೇ ಅಂದಿದ್ದು. ಬಸ್ ಸ್ಟ್ಯಾಂಡಿಂದ ಇಲ್ಲಿಗೆ ಟೆಂಪೋದಲ್ಲಿ ಕರ್ಕೊಂಡು ಬಂದ, ದಾರೀಲಿ ಒಂದು ಮಾತಾಡಿಲ್ಲ ಅವನು. ಅಳ್ತಿದ್ದ ಕಣ್ರೀ. ರೂಮು ನಾನೇ ಕೇಳ್ಕೊಂಡು ಬಂದೆ. ಎಲ್ಲಿ ಅವಳು?”

ಅಮರನಾಥ ಹೇಳತೊಡಗಿದ. ನಿಂತುಕೊಂಡೇ, ತರಗತಿಯಲ್ಲಿ ಹೇಳುವಂತೆ, ಮೊದಲಿಂದ ಹೇಳಿದ. ಕಾರ್ಡು, ಪಾಯಿಂಟು, ಮೂರು ಸಲದ ವಾಸ್ತವ್ಯ, ತಿಂಗಳ ಕೊನೆ, ಬೆಂಗಳೂರಿನ ಎರಡು ರಾತ್ರಿ. ಫೋನಿನಲ್ಲಿ ಸಂದೇಶ ತೆಗೆದು ತೋರಿಸಿದ. ಅವಳು ಓದಲಿಲ್ಲ. ಹಾಸಿಗೆಯ ತುದಿಯಲ್ಲಿ ಕುಳಿತು, ಕೊರಿಯಾದ ಹೆಂಗಸು ಎಲೆಕೋಸು ಹಿಂಡುವುದನ್ನು ನೋಡುತ್ತ ಕೇಳಿಸಿಕೊಂಡಳು.

“ಇಷ್ಟಕ್ಕಾ?” ಎಂದಳು.

“ನಿನ್ನ ಕರ್ಕೊಂಡು ಹೋಗೋಣ ಅಂತ.”

“ಹೆಂಗಸೊಬ್ಬಳು ಇದ್ದಿದ್ರೆ ಕೂದ್ಲು ಹಿಡ್ದು ಎಳೀಬೋದಿತ್ತು. ಇದನ್ನ ಏನ್ರೀ ಮಾಡ್ಲಿ ನಾನು?”

ಅವಳು ನಂಬಿದ್ದಾಳೆಂದು ಅವನಿಗೆ ಅರ್ಥವಾಯಿತು. ಹಗುರಾಗಬೇಕಿತ್ತು. ಆದರೆ ಸುನಂದ ತನ್ನ ಕೈಬಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಳ್ಳುತ್ತಿದ್ದಳು. ಮನೆಯಲ್ಲಿ ಏನನ್ನಾದರೂ ನೆನಪಿಸಿಕೊಂಡು ಕೂಡಿಸುವಾಗ ಅವಳು ಹಾಗೆ ಮಾಡುತ್ತಿದ್ದಳು. ತನ್ನ ಹಿಂದೆ ಬೀಳುವ ನಾಯಿಯನ್ನು ನೋಡುವಂತೆ ಅವನು ಆ ಬಳೆಗಳನ್ನೇ ನೋಡಿದ.

“ಈ ಕಾರ್ಡು ಯಾವಾಗಿಂದ ಇದೆ?”

“ಮೂರು ವರ್ಷ ಆಯ್ತು.”

“ಅಪ್ಪನ ಆಸ್ಪತ್ರೆ ಬಿಲ್ಲು ಇದರಲ್ಲೇನಾ ಕಟ್ಟಿದ್ದು?”

ಇಲ್ಲ ಎನ್ನಬಹುದಿತ್ತು. ಬ್ಯಾಂಕಿನ ಬೇರೆ ಕಾರ್ಡು ಎನ್ನಬಹುದಿತ್ತು. ಅವಳು ನೋಡಲು ಹೋಗುತ್ತಿರಲಿಲ್ಲ. “ಇದರಲ್ಲೇ” ಎಂದ.

“ಅದಕ್ಕೂ ಪಾಯಿಂಟ್ ಬಂತಾ?”

“ಬಂತು.” ಮತ್ತೆ, ಯಾರೂ ಕೇಳದಿದ್ದರೂ, ಒಳಗಿನಿಂದ ಯಾರೋ ನೂಕಿದಂತೆ, “ಆ ತಿಂಗಳು ಡಬಲ್ ಇತ್ತು” ಎಂದ.

ಸುನಂದ ಎದ್ದಳು. ಶಾಲು ಸರಿಮಾಡಿಕೊಂಡಳು. “ಗಂಗ ಕೆಳಗಿದ್ದಾನೆ, ಏನಾದ್ರೂ ಹೇಳ್ಬೇಕು ಅವನಿಗೆ” ಎಂದು ಬಾಗಿಲು ತೆರೆದು ಹೋದಳು. ಬಾಗಿಲು ತಾನಾಗಿಯೇ ಮೆಲ್ಲಗೆ ಮುಚ್ಚಿಕೊಂಡಿತು.

ಅಮರನಾಥ ಕಿಟಕಿಯ ಬಳಿ ನಿಂತ. ಗಾಜು ದಪ್ಪ, ಏನೂ ಕೇಳಿಸುತ್ತಿರಲಿಲ್ಲ. ಟೆಂಪೋದ ಬಾಗಿಲಿಗೆ ಒರಗಿದ್ದ ಗಂಗಾಧರ್ ಅಕ್ಕನನ್ನು ಕಂಡು ನೆಟ್ಟಗಾದ. ಅವಳು ಮಾತಾಡಿದಳು. ಈಗ ಹೇಳುತ್ತಿದ್ದಾಳೆ. ಆಸ್ಪತ್ರೆಯ ಕೌಂಟರು, ಗುಂಪು, ಚಾಚಿದ ಕಾರ್ಡು. ಹಬ್ಬದ ದೊಡ್ಡ ಕುರ್ಚಿ ಈಗ ಮೆಲ್ಲಗೆ ಗೋಡೆಯ ಕಡೆ ಸರಿಯುತ್ತಿದೆ. ಸರಿಯಲಿ, ಅದರಲ್ಲಿ ಕುಳಿತಾಗೆಲ್ಲ ತಾನೆಲ್ಲಿ ನೆಮ್ಮದಿಯಾಗಿದ್ದೆ ಎಂದು ಅವನು ಅಂದುಕೊಂಡ, ಹಾಗೆ ಅಂದುಕೊಳ್ಳುವಾಗಲೇ ಕುರ್ಚಿ ಬೇಕೆನಿಸಿತು. ಗಂಗಾಧರ್ ಮುಖ ಎತ್ತಿದ, ಬಾಯಿ ತೆರೆದ, ಹಣೆ ಚಚ್ಚಿಕೊಂಡ. ಆಮೇಲೆ ನಗತೊಡಗಿದ. ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡು, ಮತ್ತೆ ನಕ್ಕು, ಹೋಟೆಲಿನ ಕಿಟಕಿಗಳ ಸಾಲಿನತ್ತ ತಿರುಗಿ ಎರಡೂ ಕೈ ಎತ್ತಿ ಮುಗಿದ. ಯಾವ ಕಿಟಕಿಯೆಂದು ಗೊತ್ತಿಲ್ಲದೆ ಪಕ್ಕದ ಕಿಟಕಿಗೆ ಮುಗಿದ. ಟೆಂಪೋ ಹತ್ತಿ ಹೊರಟುಹೋದ.

ಸುನಂದ ಮೇಲೆ ಬರಲು ತಡವಾಯಿತು. ಇಶ್ರತ್ ಅವಳ ಆಧಾರ್ ಕೇಳಿದ್ದಳಂತೆ, ಫೋನಿನಲ್ಲಿದ್ದದ್ದನ್ನು ಹುಡುಕಿ ತೋರಿಸಬೇಕಾಯಿತಂತೆ. “ಎರಡ್ನೇಯವರ ಹೆಸ್ರು ಬರ್ಕೊಂಡ್ಳು” ಎಂದಳು, ದನಿಯಲ್ಲಿ ಏರಿಳಿತವಿಲ್ಲದೆ.

“ಗಂಗನಿಗೆ ಏನು ಹೇಳಿದೆ?”

“ನಾನೇ ರೂಮ್ ಮಾಡಿ ಅಂದಿದ್ದು ಅಂದೆ. ಮೊದ್ಲು ನೀವು, ಹಿಂದೆ ನಾನು ಅಂತ ಮಾತಾಗಿತ್ತು, ಫೋನಲ್ಲಿ ತಮ್ಮನ ಹತ್ರ ಹೆಂಗ್ ಹೇಳ್ಲಿ, ನಾಚ್ಕೆ ಆಯ್ತು ಅಂದೆ.” ಅವಳು ಚಪ್ಪಲಿ ಕಳಚಿ ಗೋಡೆಗೆ ಒತ್ತಿಟ್ಟಳು. “ಖುಷಿಯಾಗೋದ ಪಾಪ. ನಿಮ್ಮ ಕಾಲಿಗೆ ಬೀಳ್ಬೇಕು ಅಂತಿದ್ದ, ತಪ್ಪು ತಿಳ್ಕೊಂಡೆ ಅಂತ.”

“ಅದನ್ನ ಹೇಳಲಿಲ್ವಾ?”

“ಯಾವ್ದನ್ನ?” ಎಂದು ಅವಳು ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು. “ಅಪ್ಪನ್ನ ಉಳಿಸಿದ್ದು ನಮ್ಮ ಭಾವ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾನೆ ಅವನು. ಅದನ್ನ ಕಿತ್ಕೊಂಡು ನಾನೇನ್ ಮಾಡ್ಲಿ? ಕೈ ಮುಗೀಲಿ ಬಿಡಿ ಅವನು. ನೀವು ಮುಗಿಸ್ಕೊಳ್ಳಿ.”

ಸಂಜೆಯವರೆಗೆ ಇರದೆ ಹೋದರೆ ಗಂಗನಿಗೆ ಗೊತ್ತಾಗುತ್ತದೆ, ಅವನು ಇನ್ನೊಂದು ಲೋಡು ತರುತ್ತಾನೆ ಎಂದಷ್ಟೇ ಹೇಳಿ, ಹಾಸಿಗೆಯ ಒಂದಂಚಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹಗಲು ಹೊತ್ತು ಅವಳು ಮಲಗಿದ್ದನ್ನು ಅಮರನಾಥ ಜ್ವರ ಬಂದಾಗ ಬಿಟ್ಟರೆ ನೋಡಿರಲಿಲ್ಲ. ಸ್ವಲ್ಪದರಲ್ಲೇ ಉಸಿರು ನಿಧಾನವಾಯಿತು. ಅವಳ ಕೆಳಗೆ ಹೊದಿಕೆ ಎಷ್ಟು ಸಲೀಸಾಗಿ ಸುಕ್ಕುಗಟ್ಟಿತ್ತೆಂದರೆ, ನಿನ್ನೆ ತಾನು ಪಟ್ಟ ಪಾಡು ನೆನೆದು ಅವನಿಗೆ ನಗುವಂತಾಯಿತು, ನಗಲಿಲ್ಲ. ಕುರ್ಚಿಯಲ್ಲಿ ಕುಳಿತ. ಟಿ.ವಿ.ಯನ್ನು ಆರಿಸಿದ. ಕೈ ಮುಗಿಸಿಕೊಳ್ಳಿ ಎಂಬ ಮಾತು ಬೈಗುಳವೋ ಶಿಕ್ಷೆಯೋ ಎಂದು ತೂಗಿ ನೋಡಿದ. ಅವಳು ಅವನನ್ನು ಬೈದಿರಲಿಲ್ಲ. ಮದುವೆಯಾದಂದಿನಿಂದ ಉಪ್ಪಿಗೆ, ಕೊತ್ತಂಬರಿಗೆ, ಒದ್ದೆ ಟವಲಿಗೆ ಬೈಯುತ್ತ ಬಂದವಳು ಇವತ್ತು ಬೈದಿರಲಿಲ್ಲ.

ಹಾಸಿಗೆಯ ಪಕ್ಕದ ಫೋನು ಹೊಡೆದುಕೊಂಡಿತು. ಎರಡನೇ ಸದ್ದಿಗೆ ಮೊದಲೇ ಹಾರಿ ಎತ್ತಿಕೊಂಡ. ಇಶ್ರತ್.

“ಸರ್, ನಿಮ್ಮ ಆಫರ್ ನೋಡ್ತಿದ್ದೆ. ಒಂದು ಪ್ರಾಬ್ಲಮ್ ಇದೆ ಸರ್. ನಿನ್ನೆ ಚೆಕ್‌ಔಟ್ ಆಗಿ ಒಂದಿನ ಗ್ಯಾಪ್ ಇಲ್ದೆ ಮತ್ತೆ ಬಂದ್ರೆ ಎರಡೂ ಒಂದೇ ಸ್ಟೇ ಅಂತ ತಗೊಳತ್ತೆ. ನಿಮ್ದು ಎರಡೇ ಆಯ್ತು, ಮೂರಾಗಲ್ಲ.” ಅವಳ ದನಿ ದೊಡ್ಡದು, ಆ ಹಳೆಯ ಫೋನಿನಲ್ಲಿ ಇನ್ನೂ ದೊಡ್ಡದು. “ಮ್ಯಾನೇಜರ್‌ಗೆ ಹೇಳಿದೀನಿ, ನಮ್ಮ ಸರ್ ಅಂತ. ಬೇರೆ ಬೇರೆ ಬುಕ್ಕಿಂಗ್ ಅಂತ ಬರ್ದು ಕಳಿಸ್ತಾರಂತೆ. ನೀವು ಬಂದು ಒಂದು ಸೈನ್ ಹಾಕ್ಬೇಕು. ಅವ್ರು ನಾಲ್ಕು ಗಂಟೆಗೆ ಹೋಗ್ಬಿಡ್ತಾರೆ ಸರ್, ಬೇಗ ಬನ್ನಿ.”

“ಆಯ್ತಮ್ಮ” ಎಂದು ಪಿಸುಗುಟ್ಟಿ ಫೋನಿಟ್ಟ. ಆ ನಿಯಮವನ್ನು ತಾನು ಹೇಗೆ ಬಿಟ್ಟುಬಿಟ್ಟೆ ಎಂದು ಅವನಿಗೆ ಬೆರಗಾಯಿತು. ಇನ್ನೂ ಸಮಯವಿತ್ತು. ಲಿಫ್ಟಿನಲ್ಲಿ ಇಳಿದು ಹತ್ತಿ ಬರುವುದು ಎಷ್ಟು ಹೊತ್ತಿನ ಕೆಲಸ. ಎದ್ದು ಬಾಗಿಲವರೆಗೆ ಹೋದ, ಹಿಡಿಯ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಅವಳು ಎಚ್ಚರಾದರೆ ಎಂಬ ಯೋಚನೆ ಬಂತು. ಎಚ್ಚರಾಗಿ, ರೂಮಿನಲ್ಲಿ ಯಾರೂ ಇಲ್ಲದ್ದನ್ನು ಕಂಡು, ಅವಳು ಎದ್ದು ಹೋಗಿ ಮತ್ತೆ ಆ ಬಚ್ಚಲಿನ ದೀಪ ಹಾಕುತ್ತಾಳೆ. ಅವನಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಹಿಂತಿರುಗಿ ಬಂದು ಕುಳಿತ. ಇದು ಪ್ರೀತಿಯೇ ಎಂದು ಕೇಳಿಕೊಂಡ, ಖಚಿತವಾಗಲಿಲ್ಲ. ಬೂಟು ಬಿಚ್ಚಿದ. ನೀಲಗಿರಿ ತೋಪಿನ ನೆರಳು ಗೋಡೆ ದಾಟಿ ಅಂಗಳಕ್ಕೆ ಬಂತು. ಕರಿ ಕಾರೊಂದು ಹೊರಟು ಗೇಟು ದಾಟಿ ಹೋಯಿತು; ಮ್ಯಾನೇಜರದ್ದೇ ಇರಬೇಕು. ಫೋನು ಇನ್ನೊಮ್ಮೆ ಹೊಡೆದುಕೊಳ್ಳಲಿಲ್ಲ.

“ಹೋಗಿ ಸೈನ್ ಹಾಕಿ ಬಂದ್ರಾ?” ಸುನಂದ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

ಅಮರನಾಥ ಬೆಚ್ಚಿದ. “ನಿದ್ದೆ ಬಂದಿರ್ಲಿಲ್ವಾ?”

“ಆ ಹುಡುಗಿ ಕಿರುಚಿದ್ದು ಮಾಲೂರಿಗೆಲ್ಲ ಕೇಳ್ಸಿದೆ. ಹಾಕಿದ್ರಾ?”

“ಇಲ್ಲ.”

ಸುನಂದ ಈ ಕಡೆ ಹೊರಳಿದಳು. ಎದ್ದು ಕುಳಿತಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು.

“ಯಾಕೆ?”

ಅವನು ಕಾಲುಚೀಲ ನೋಡಿಕೊಂಡ.

“ಅಲ್ರೀ, ಮೂರು ಸಲ ಇಲ್ಲಿಗೆ ಬಂದು ದುಡ್ಡು ಸುರ್ದಿದ್ದೀರಿ. ಸುಳ್ಳು ಹೇಳಿ ಎರಡು ದಿನ ನನ್ನ ಕೈಲಿ ಚಿತ್ರಾನ್ನ ಮಾಡ್ಸಿದ್ದೀರಿ. ನನ್ನ ತಮ್ಮನ್ನ ಅಳ್ಸಿದ್ದೀರಿ, ನನ್ನನ್ನ ಮನೆ ಸೀರೇಲಿ ಬಸ್ಸು ಹತ್ಸಿದ್ದೀರಿ. ಅಷ್ಟೆಲ್ಲ ಮಾಡಿ, ಕೊನೇಗೆ ಒಂದು ಸೈನ್ ಹಾಕೋಕೆ ಸೋಮಾರಿತನಾನಾ? ಕಾಲೇ ಇರ್ಲಿಲ್ವಾ ನಿಮ್ಗೆ? ಲಿಫ್ಟ್ ಬೇರೆ ಇದೆ! ಏನ್ ಮನುಷ್ಯರೋ, ಒಂದನ್ನಾದ್ರೂ ನೆಟ್ಟಗೆ ಮಾಡಿ ಮುಗ್ಸಿದ್ದುಂಟಾ ಜನ್ಮದಲ್ಲಿ? ಹೋದ್ಸಲ ಆ ನಲ್ಲಿ ರಿಪೇರಿನೂ ಹಿಂಗೇ...”

ದನಿ ಏರುತ್ತ ಹೋಯಿತು. ಕಾರಿಡಾರಿನಲ್ಲಿ ಯಾರೋ ನಿಂತು ಕೇಳಿಸಿಕೊಂಡು ಮುಂದೆ ಹೋದ ಸದ್ದಾಯಿತು. ನಲ್ಲಿಯಿಂದ ಗ್ಯಾಸು ಸಿಲಿಂಡರಿಗೆ, ಅಲ್ಲಿಂದ ಕಳೆದ ಯುಗಾದಿಗೆ ಮಾತು ಹೋಯಿತು. ಅಮರನಾಥ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು, ಬೂಟಿಲ್ಲದ ಕಾಲುಗಳನ್ನು ಒಂದರ ಮೇಲೊಂದು ಇಟ್ಟು, ಒಂದು ಮಾತೂ ತಪ್ಪಿಹೋಗದಂತೆ ಕೇಳಿಸಿಕೊಳ್ಳತೊಡಗಿದ.